ಹನ್ನೊಂದು ಸಿಸಿಯ ಉಪಕಾರ

ಅಂಬಾಸಿಡರ್ ಮಾರ್ಕ್ 2ರ ಎಂಜಿನ್ 1489 ಸಿಸಿ. 1500ಕ್ಕೆ ಹನ್ನೊಂದೇ ಕಡಿಮೆ. ಹಳೆಯ ಕಾರು ಸಾಕುವವನಿಗೆ ಈ ಹನ್ನೊಂದು ದೊಡ್ಡ ಉಪಕಾರ. 2022ರ ಜೂನ್ 1ರಂದು ಜಾರಿಗೆ ಬಂದ ಥರ್ಡ್ ಪಾರ್ಟಿ ವಿಮೆಯ ದರದಂತೆ 1000ದಿಂದ 1500 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಗೆರೆ ದಾಟಿದರೆ 7,897. 1089 ಸಿಸಿಯ ಪದ್ಮಿನಿಯೂ ಅಂಬಾಸಿಡರ್ ಸಾಲಿನಲ್ಲೇ ನಿಲ್ಲುತ್ತದೆ. 948 ಸಿಸಿಯ ಪುಟ್ಟ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 2,094 ಸಾಕು.

ವಿಂಟೇಜ್ ಮಾಡಿಸಿದರೆ ಅದೂ ಅರ್ಧಕ್ಕಿಳಿಯುತ್ತದಲ್ಲ ಎಂದು ರಾಣೆಬೆನ್ನೂರಿನ ಗೆಳೆಯರು ಕೇಳುತ್ತಾರೆ. ಇಳಿಯುತ್ತದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ಕಾರಿಗೆ 2021ರ ನಿಯಮ ಆ ದಾರಿ ತೆರೆದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಅಂಬಾಸಿಡರಿಗೆ ವರ್ಷಕ್ಕೆ ಉಳಿಯುವುದು 1,708. ಶೇ 18ರ ಜಿಎಸ್‌ಟಿ ಸೇರಿಸಿದರೂ ಹತ್ತು ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ ಚಿಲ್ಲರೆ. ಕೊಟ್ಟದ್ದಕ್ಕೂ ಬಂದದ್ದಕ್ಕೂ ಸರಿಹೋಯಿತು. ಮೇಲಾಗಿ ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ತೆಗೆಯುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿಗಷ್ಟೇ. ಶನಿವಾರ ಕದರಮಂಡಲಗಿಯ ಕಾಂತೇಶನ ಗುಡಿಗೆ ಹೋಗಿಬರಲಾಗದ ಕಾರು ನನಗೆ ಬೇಡ.

ನಿಜವಾದ ಲೆಕ್ಕ ಇರುವುದು ಐಡಿವಿಯಲ್ಲಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯಲ್ಲಿ. ಐದು ವರ್ಷದವರೆಗೆ ಸವಕಳಿಯ ಪಟ್ಟಿಯಿದೆ. ಆಮೇಲೆ ಬೆಲೆ ನಿಲ್ಲುವುದು ಕಂಪನಿ ಮತ್ತು ಮಾಲೀಕರ ಒಪ್ಪಿಗೆಯ ಮೇಲೆ. ಈ ಮಾತು ಗೊತ್ತಿಲ್ಲದ ಕಾಲದಲ್ಲಿ ನಾನು ಏಜೆಂಟರ ಕಂಪ್ಯೂಟರ್ ತೋರಿಸಿದ 40,000ಕ್ಕೆ ಸಹಿ ಹಾಕಿದ್ದೆ. ಪ್ರೀಮಿಯಂ ಕಡಿಮೆಯಾಯಿತೆಂದು ಖುಷಿಯೂ ಪಟ್ಟಿದ್ದೆ. ಮೋಟೆಬೆನ್ನೂರು ತಿರುವಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ನನ್ನ ಕಾರಿನ ಮುಂಭಾಗವನ್ನು ಜಜ್ಜಿತು. ಮಡ್‌ಗಾರ್ಡ್, ಗ್ರಿಲ್, ಬಾನೆಟ್ ಸೇರಿ ರಿಪೇರಿ ಅಂದಾಜು 32,000. ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ ಕಾರು ‘ಟೋಟಲ್ ಲಾಸ್’. ನನ್ನ ಗೆರೆ 30,000ಕ್ಕೇ ಮುಗಿದಿತ್ತು. ಓಡಿಸಿಕೊಂಡು ಮನೆಗೆ ತಂದ ಕಾರು ಕಾಗದದ ಮೇಲೆ ಗುಜರಿಯಾಗುವುದನ್ನು ನೋಡಲಾರದೆ ಕ್ಲೇಮ್ ವಾಪಸ್ ಪಡೆದು ಕೈಯಿಂದಲೇ ಖರ್ಚು ಹಾಕಿದೆ.

ಬೆಲೆ ಸರಿಯಾಗಿ ಬರೆಸಿದರೂ ಹತ್ತು ವರ್ಷ ಮೀರಿದ ಕಾರಿನ ಲೋಹದ ಬಿಡಿಭಾಗಕ್ಕೆ ಅರ್ಧ ಸವಕಳಿ ಕಳೆಯುತ್ತಾರೆ. ಹಾಗಾಗಿ ಸಣ್ಣ ಗೀರು, ತಗ್ಗುಗಳನ್ನು ಊರ ಗ್ಯಾರೇಜಿನಲ್ಲೇ ತೀರಿಸಿ, ಕ್ಲೇಮ್ ಇಲ್ಲದ ಐದು ವರ್ಷಕ್ಕೆ ಸಿಗುವ ಶೇ 50ರ ಬೋನಸ್ ಕಾಪಾಡಿಕೊಳ್ಳುವುದು ಲೇಸು. ಸ್ವಂತ ಪಾಲು ಹೆಚ್ಚು ಭರಿಸುತ್ತೇನೆಂದು ಒಪ್ಪಿದರೆ ಪ್ರೀಮಿಯಂ ಇನ್ನಷ್ಟು ಇಳಿಯುತ್ತದೆ.

ಆದರೆ ಬರೀ ಥರ್ಡ್ ಪಾರ್ಟಿಗೆ ನಿಲ್ಲಬೇಡಿ. 2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ಕುಸಿದು ರೈತರ ಸಿಟ್ಟು ಕಟ್ಟೆಯೊಡೆದ ದಿನ ನಮ್ಮ ಊರಿನ ಎಪಿಎಂಸಿ ಮಾರುಕಟ್ಟೆಯಲ್ಲಿ ನಿಂತಿದ್ದ ವಾಹನಗಳು ಸುಟ್ಟುಹೋದವು. ಬೆಂಕಿ, ಗಲಭೆ, ಕಳವು ಇವಕ್ಕೆ ಪರಿಹಾರ ಸಿಗುವುದು ಕಾರಿನ ಸ್ವಂತ ಹಾನಿಯ ವಿಮೆಯಲ್ಲಿ ಮಾತ್ರ.

ಈಗ ಮೆಣಸಿನಕಾಯಿ ಆವಕ ಏರುವ ಜನವರಿಯಲ್ಲೇ ನನ್ನ ವಿಮೆಯ ನವೀಕರಣ. ಕಾರು ತೊಳೆದು ಬಿಸಿಲಿಗೆ ನಿಲ್ಲಿಸಿ ನಾಲ್ಕೂ ದಿಕ್ಕಿನ ಫೋಟೊ, ಒಳಗಿನ ಸೀಟು, ಚಾಸಿ ನಂಬರು, ಖರ್ಚಿನ ಬಿಲ್ಲುಗಳು, ಹಳೆ ಕಾರು ಬಲ್ಲವರ ಬೆಲೆಪತ್ರ. ಎಲ್ಲ ಲಗತ್ತಿಸಿ, ಬೆಲೆಯ ಅಂಕಿಯನ್ನು ನಾನೇ ಬರೆದುಕೊಡುತ್ತೇನೆ.