ಬ್ರೇಕ್ ಆಯಿಲ್‌ನಲ್ಲಿ ನೀರು: ಮನೆಯ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಹುಣ್ಣಿಮೆಯ ಜಾತ್ರೆಗಳಲ್ಲಿ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ವಾಹನಗಳು ಸಾಲುಗಟ್ಟಿ ಬರುತ್ತವೆ. ಗುಡ್ಡ ಹತ್ತುವಾಗ ಪರೀಕ್ಷೆ ಎಂಜಿನ್ನಿಗೆ, ಇಳಿಯುವಾಗ ಬ್ರೇಕಿಗೆ. ಬ್ರೇಕಿನ ದ್ರವದಲ್ಲಿ ನೀರು ಸೇರಿದೆಯೇ ಎಂಬುದನ್ನು ಮನೆಯಲ್ಲೇ ತಿಳಿಯುವ ಹಲವು ಉಪಾಯಗಳು ಇಂದು ಪ್ರಚಾರದಲ್ಲಿವೆ. ಅವುಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

ಮೊದಲು ಹೆಸರನ್ನೇ ನೋಡಿ. ಗ್ಯಾರೇಜಿನಲ್ಲಿ 'ಬ್ರೇಕ್ ಆಯಿಲ್' ಎನ್ನುತ್ತಾರೆ. ಆದರೆ ಡಾಟ್ 3, ಡಾಟ್ 4 ದರ್ಜೆಯ ದ್ರವಗಳು ಎಣ್ಣೆಯಲ್ಲ. ಗ್ಲೈಕಾಲ್ ಈಥರ್ ಗುಂಪಿನ ರಾಸಾಯನಿಕಗಳು. ಎಣ್ಣೆ ನೀರಿನೊಡನೆ ಬೆರೆಯದು. ಇವಾದರೋ ಗಾಳಿಯ ತೇವವನ್ನು ಹೀರಿ ತಮ್ಮಲ್ಲಿ ಕರಗಿಸಿಕೊಳ್ಳುತ್ತವೆ. ಹಾಗಾಗಿ ಡಬ್ಬಿಯ ತಳದಲ್ಲಿ ನೀರಿನ ಪದರ ಕಾಣುವುದಿಲ್ಲ.

ಇದರಿಂದ ತೊಂದರೆಯೇನು? ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205° ಸೆ. ಇರಬೇಕು. ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಅದಕ್ಕಿರುವ ಮಿತಿ 140° ಸೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಈಗ ಒಂದು ಸಣ್ಣ ಲೆಕ್ಕ ಮಾಡಿ. ಜನರನ್ನು ತುಂಬಿಕೊಂಡ 1200 ಕಿ.ಗ್ರಾಂ. ಕಾರು 100 ಮೀ. ಎತ್ತರದಿಂದ ಇಳಿದರೆ ಸುಮಾರು 12 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದಷ್ಟೂ ಬ್ರೇಕಿನ 20 ಕಿ.ಗ್ರಾಂ. ಕಬ್ಬಿಣಕ್ಕೆ ಸೇರಿ ಅಲ್ಲೇ ಉಳಿದರೆ ಅದರ ಉಷ್ಣತೆ 125 ಡಿಗ್ರಿಗೂ ಹೆಚ್ಚು ಏರುತ್ತದೆ. ಗಾಳಿ ತಂಪು ಮಾಡುತ್ತದೆ, ನಿಜ. ಆದರೂ ಒಂದಿಷ್ಟು ಶಾಖ ದ್ರವವನ್ನು ತಲುಪುತ್ತದೆ. ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸುವುದು ಕಷ್ಟ, ಆವಿಯನ್ನು ಕುಗ್ಗಿಸುವುದು ಸುಲಭ. ಪೆಡಲ್ ತಳಕ್ಕೆ ಇಳಿಯುತ್ತದೆ, ಚಕ್ರ ನಿಲ್ಲುವುದಿಲ್ಲ. ಬೈಲಹೊಂಗಲದ ಎರೆಭೂಮಿಯ ಸಮತಟ್ಟು ರಸ್ತೆಯಲ್ಲಿ ಅಡಗಿದ್ದ ದೋಷ ಇಳಿಜಾರಿನಲ್ಲೇ ಹೊರಬೀಳುತ್ತದೆ.

ಇನ್ನು ಪರೀಕ್ಷೆಗಳು. ಬಣ್ಣ ನೋಡುವುದು ಮೊದಲನೆಯದು. ಶಾಖದಿಂದ, ರಬ್ಬರಿನ ಸವೆತದಿಂದ, ತುಕ್ಕಿನಿಂದ ದ್ರವ ಕಪ್ಪಾಗುತ್ತದೆ; ನೀರಿಗೆ ಬಣ್ಣವಿಲ್ಲ. ತಿಳಿಯಾಗಿ ಕಂಡ ಮಾತ್ರಕ್ಕೆ ದ್ರವ ಒಣಗಿದೆ ಎನ್ನಲಾಗದು. ಎರಡನೆಯದು ಸಾಂದ್ರತೆ ಅಳೆಯುವುದು. ದ್ರವದ ಸಾಂದ್ರತೆ 1.05 ಎಂದುಕೊಳ್ಳಿ. ಶೇ. 3ರಷ್ಟು ನೀರು ಅದನ್ನು ಹೆಚ್ಚೆಂದರೆ 1.048ರ ಆಸುಪಾಸಿಗೆ ತರಬಹುದು. ಮನೆಯ ತಕ್ಕಡಿ ಈ ವ್ಯತ್ಯಾಸವನ್ನು ಹಿಡಿಯಲಾರದು. ತಾಮ್ರದ ಅಂಶ ತೋರಿಸುವ ಕಾಗದದ ಪಟ್ಟಿ ತುಕ್ಕುನಿರೋಧಕ ಎಷ್ಟು ಸವೆದಿದೆ ಎಂದು ಹೇಳುತ್ತದೆ. ಅದು ಉಪಯುಕ್ತ ಮಾಹಿತಿ, ಆದರೆ ನೀರಿನ ಅಳತೆಯಲ್ಲ. ಒಲೆಯ ಮೇಲೆ ಕಾಯಿಸಿ ನೋಡುವ ಉಪಾಯವನ್ನಂತೂ ಕೈಬಿಡಿ. ದ್ರವ ವಿಷಕಾರಿ, ಅದರ ಆವಿಗೆ ಬೆಂಕಿ ಹೊತ್ತಬಹುದು.

ಉಳಿದದ್ದು ದೀಪ ಬೆಳಗುವ ಪೆನ್ನು. ಅದು ನೀರನ್ನು ನೇರವಾಗಿ ಅಳೆಯುವುದಿಲ್ಲ. ವಿದ್ಯುತ್ ವಾಹಕತೆಯನ್ನು ಅಳೆದು ನೀರಿನ ಪ್ರಮಾಣವನ್ನು ಊಹಿಸುತ್ತದೆ. ವಾಹಕತೆ ನೀರಿನಿಂದಷ್ಟೇ ಅಲ್ಲ, ತಯಾರಕರು ಸೇರಿಸುವ ರಾಸಾಯನಿಕಗಳಿಂದಲೂ ಉಷ್ಣತೆಯಿಂದಲೂ ಬದಲಾಗುತ್ತದೆ. ಅಲ್ಲದೆ ಪೆನ್ನು ಮುಟ್ಟುವುದು ಬಾನೆಟ್ಟಿನ ಕೆಳಗಿನ ಡಬ್ಬಿಯ ದ್ರವವನ್ನು. ಕುದಿಯುವುದು ಚಕ್ರದ ಬಳಿಯ ದ್ರವ. ಎರಡರಲ್ಲೂ ನೀರು ಸಮನಾಗಿರಬೇಕೆಂದಿಲ್ಲ.

ಪೆನ್ನು ಹಾಗಾದರೆ ನಿರರ್ಥಕವೇ? ಅಲ್ಲ. ಅದನ್ನೇ ಮೊದಲು ಪರೀಕ್ಷಿಸಿ. ಕಾರಿನಲ್ಲಿರುವ ದರ್ಜೆಯದೇ, ಅದೇ ತಯಾರಕರ ಹೊಸ ದ್ರವವನ್ನು ಎರಡು ಗಾಜಿನ ಲೋಟಗಳಲ್ಲಿ 50 ಮಿ.ಲೀ.ನಂತೆ ತೆಗೆದುಕೊಳ್ಳಿ. ಒಂದಕ್ಕೆ ಸಿರಿಂಜಿನಿಂದ 1.5 ಮಿ.ಲೀ. ಶುದ್ಧ ನೀರು ಬೆರೆಸಿ ಕಲಕಿ. ಎರಡರಲ್ಲೂ ಒಂದೇ ದೀಪ ಬೆಳಗಿದರೆ ಪೆನ್ನು ಕೆಲಸಕ್ಕೆ ಬಾರದು. ಆ ಲೋಟಗಳು ಮತ್ತೆ ಅಡುಗೆಮನೆಗೆ ಹೋಗಬಾರದು, ದ್ರವ ಕಾರಿಗೆ ಮರಳಬಾರದು.

ಪೆನ್ನಿನ ಕೆಂಪು ದೀಪವನ್ನು ನಂಬಿ ದ್ರವ ಬದಲಿಸಿದರೆ, ಅದು ಸುಳ್ಳಾದರೂ ನಷ್ಟ ಸ್ವಲ್ಪ ಹಣ ಮಾತ್ರ. ಹಸಿರು ದೀಪ ಸುಳ್ಳಾದರೆ ತೆರಬೇಕಾದುದು ಪ್ರಾಣವನ್ನು. ಆದ್ದರಿಂದ ಹಸಿರು ಕಂಡಿತೆಂದು ಅವಧಿಯನ್ನು ಮುಂದೂಡಬೇಡಿ. ಕೈಪಿಡಿ ಹೇಳುವ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಮುಚ್ಚಳದ ಮೇಲೆ ಬರೆದ ದರ್ಜೆಯದೇ ದ್ರವವನ್ನು ಸೀಲು ಒಡೆಯದ ಡಬ್ಬಿಯಿಂದ ತುಂಬಿಸಿ. ಅನುಮಾನವಿದ್ದರೆ ಕುದಿಬಿಂದುವನ್ನೇ ಅಳೆಯುವ ಉಪಕರಣವಿರುವ ಕಾರ್ಯಾಗಾರಕ್ಕೆ ಹೋಗಿ. ಗುಡ್ಡ ಇಳಿಯುವಾಗ ಕಡಿಮೆ ಗೇರಿನಲ್ಲಿರಿ. ಎಂಜಿನ್ ಹೊತ್ತ ಭಾರದಷ್ಟು ಬ್ರೇಕಿನ ಬಿಸಿ ಕಡಿಮೆ.