ಮೈ ಕಟ್ಟಿದ ಹೈದರು, ಮಾದಪ್ಪನ ದಾರಿ

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಗಂಡುಗಳ ಗುಂಪೊಂದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೊರಟಿತು. ಮೂವತ್ತು ದಾಟಿದವರು, ನೂರು ಕಿಲೋಮೀಟರಿಗೂ ಮಿಕ್ಕ ಹಾದಿ, ಹರಕೆ ಒಂದೇ: ಹೆಣ್ಣು ಸಿಗಲಿ. ಟಿವಿಯಲ್ಲಿ ಬ್ರಹ್ಮಚಾರಿಗಳ ಪಾದಯಾತ್ರೆ ನೋಡಿ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಒಂಟಿತನವನ್ನು ಬೀದಿಯ ಬಿಸಿಲಿಗೆ ತಂದಿಡಲು ಎದೆಗಾರಿಕೆ ಬೇಕು.

ಅವರಿಗಿಂತ ಹತ್ತು ವರ್ಷ ಚಿಕ್ಕ ಹೈದರು ಜಿಮ್ಮಿನ ದಾರಿ ಹಿಡಿದಿದ್ದಾರೆ. ಕಬ್ಬಿಗೆ ನೀರು ಕಟ್ಟಿ ಬಂದವನೇ ಬೈಕ್ ಹತ್ತುತ್ತಾನೆ. ತೋಳು, ಎದೆ, ಬದಿ ಬೋಳಿಸಿದ ಕಟಿಂಗು, ತಿದ್ದಿದ ಗಡ್ಡ, ಪ್ರೋಟೀನ್ ಡಬ್ಬ, ಆಮೇಲೊಂದು ರೀಲ್ಸ್. ಮೈ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಗರಡಿಯ ಕೆಮ್ಮಣ್ಣಲ್ಲಿ ಹೊರಳಿ, ದಂಡ ಬಸ್ಕಿ ಹೊಡೆದು, ದಸರಾ ಕುಸ್ತಿಗೆ ಇಳಿದವರ ಸೀಮೆ ಇದು. ಗರಡಿಯ ಮೈ ಎದುರಾಳಿಯ ಪಟ್ಟಿಗೆಂದು ಹದವಾಗುತ್ತಿತ್ತು. ಗೆದ್ದನೋ ಬಿದ್ದನೋ, ಅಖಾಡದಲ್ಲೇ ತೀರ್ಮಾನ. ಜಿಮ್ಮಿನ ಮೈ ಇನ್ನೂ ಕಾಣದ ಹುಡುಗಿಯೊಬ್ಬಳ ಕಣ್ಣಿಗಾಗಿ ಹದವಾಗುತ್ತದೆ. ಕಳಿಸಿದ ಮೆಸೇಜಿಗೆ ಅವಳು ಉತ್ತರಿಸದಿದ್ದರೆ ಹುಡುಗ ತನ್ನ ಎತ್ತರವನ್ನು, ಬಣ್ಣವನ್ನು, ದವಡೆಯನ್ನು ದೂರುತ್ತಾನೆ. ಬೆವರಿನ ಸುಖ ನನಗೂ ಗೊತ್ತು. ಆದರೆ ಇಡೀ ಬಾಳಿನ ತೀರ್ಪನ್ನು ಕನ್ನಡಿಗೆ ಬಿಡುವುದನ್ನು ಒಪ್ಪಲಾರೆ.

ಹೆಣ್ಣಿನ ಮನೆಯವರು ತೋಳು ನೋಡುವುದಿಲ್ಲ. 'ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಐತಾ?' ಎನ್ನುತ್ತಾರೆ. ಇದನ್ನು ದುರಾಸೆ ಎನ್ನುವವರು, ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚಿ, ಹಾಲು ಕರೆದು, ಗದ್ದೆಗೆ ಬುತ್ತಿ ಹೊತ್ತ ತಾಯಂದಿರನ್ನು ಮರೆತಿದ್ದಾರೆ. ಮಗಳಿಗೆ ಆ ಬಾಳು ಬೇಡವೆಂದವಳು ಆ ತಾಯಿಯೇ. ಹೆಣ್ಣು ಸಿಗದಿರಲು ಇನ್ನೊಂದು ಕಾರಣವೂ ಇದೆ, ಅದನ್ನು ಊರಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಪಾದಯಾತ್ರೆ ನಡೆದು ಒಂಬತ್ತು ತಿಂಗಳಿಗೆ, ಇದೇ ಮಂಡ್ಯ ಜಿಲ್ಲೆಯಲ್ಲಿ, ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ.

ಆ ಗಂಡುಗಳು ಹೆಣ್ಣು ಕೊಡಪ್ಪಾ ಎಂದು ಬೇಡಿದ್ದು ಯಾವ ದೇವರನ್ನು ಎಂಬುದೇ ನನ್ನನ್ನು ಕಾಡುತ್ತದೆ. ಮಹದೇಶ್ವರನ, ಅಂದರೆ ಮಾದಪ್ಪನ, ಕಥೆಯಾಗಿ ಕಂಸಾಳೆಯವರು ಹಾಡುವ ಕಾವ್ಯದ ಸಂಕಮ್ಮನ ಸಾಲಿನಲ್ಲಿ ನೀಲೇಗೌಡ ಹೆಂಡತಿಯ ಶೀಲ ಶಂಕಿಸಿ, ಭಾಷೆ ಕೊಡೆಂದು ಹಿಂಸಿಸುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಮಾದಪ್ಪ ಬರುವುದು ಅವಳ ಕೂಗಿಗೆ. ಬೆಟ್ಟ ಹತ್ತಿದವರೂ ಜಿಮ್ಮಿನ ಹೈದರೂ ಒಂದು ಇರುಳು ಒಟ್ಟಿಗೆ ಕೂತು ಆ ಸಾಲನ್ನು ಪೂರ್ತಿ ಕೇಳಲೆಂದು ನನ್ನಾಸೆ.