ವಿಲಿಯಂ ಜೇಮ್ಸನ ವ್ಯಕ್ತಿವಾದ

ವ್ಯಕ್ತಿವಾದವೆಂದೊಡನೆ ಸ್ವಾರ್ಥ, ಸ್ಪರ್ಧೆ, ಸಮಾಜವಿಮುಖತೆಗಳು ನೆನಪಿಗೆ ಬರುವುದು ವಾಡಿಕೆ. ಅಮೆರಿಕದ ದಾರ್ಶನಿಕನೂ ಮನಶ್ಶಾಸ್ತ್ರಜ್ಞನೂ ಆದ ವಿಲಿಯಂ ಜೇಮ್ಸನ (1842–1910) ವ್ಯವಹಾರವಾದವನ್ನು ಈ ಅರ್ಥದಲ್ಲಿಯೇ ಗ್ರಹಿಸಿ, ಅದು ಗೆದ್ದವರ ತತ್ತ್ವವೆಂದು ತೀರ್ಪಿತ್ತವರುಂಟು. ಆದರೆ ಅವನ ವ್ಯಕ್ತಿವಾದದ ಬೇರಿರುವುದು ಅಹಂಕಾರದಲ್ಲಲ್ಲ. ಅನ್ಯರ ಅಂತರಂಗಕ್ಕೆ ಸಲ್ಲಬೇಕಾದ ಗೌರವದಲ್ಲಿ.

1880ರಲ್ಲಿ ಮಹಾಪುರುಷರನ್ನು ಕುರಿತು ಬರೆದ ಪ್ರಬಂಧದಲ್ಲಿ ಅವನು ಹರ್ಬರ್ಟ್ ಸ್ಪೆನ್ಸರನನ್ನು ಎದುರಿಸಿದನು. ಮಹಾಪುರುಷನು ಸಮಾಜದ ಸೃಷ್ಟಿಯೆಂಬುದು ಸ್ಪೆನ್ಸರನ ಮತ. ಜೇಮ್ಸನು ಡಾರ್ವಿನ್ನನ ತತ್ತ್ವವನ್ನು ಆಧಾರವಾಗಿ ಹಿಡಿದನು: ಪ್ರತಿಭೆಯ ಹುಟ್ಟಿಗೆ ಕಾರಣಗಳೇ ಬೇರೆ; ಹುಟ್ಟಿದ ಪ್ರತಿಭೆಯನ್ನು ಉಳಿಸುವುದು ಅಥವಾ ಅಳಿಸುವುದು ಮಾತ್ರ ಪರಿಸರದ ಕೆಲಸ. 1890ರಲ್ಲಿ ಪ್ರಕಟವಾದ ಅವನ ಮನಶ್ಶಾಸ್ತ್ರದ ಮಹಾಗ್ರಂಥವು ಪ್ರತಿಯೊಂದು ಆಲೋಚನೆಯೂ ಯಾರೋ ಒಬ್ಬರದೇ ಆಗಿರುತ್ತದೆಂದು ಸಾರಿತು. ಮನುಷ್ಯನನ್ನು ಎಷ್ಟು ಜನ ಗುರುತಿಸುವರೋ ಅವನಿಗೆ ಅಷ್ಟು ಸಾಮಾಜಿಕ ಸ್ವರೂಪಗಳುಂಟೆಂದೂ ಅದೇ ಗ್ರಂಥ ಒಪ್ಪಿತು. ಅಂದಮೇಲೆ ಅವನ ವ್ಯಕ್ತಿ ಒಂಟಿ ದ್ವೀಪವಲ್ಲ.

ಈ ವಿಚಾರದ ನೈತಿಕ ತಿರುಳು ಮಾನವರ ಕುರುಡುತನವನ್ನು ಕುರಿತ, 1899ರಲ್ಲಿ ಗ್ರಂಥರೂಪ ಪಡೆದ ಉಪನ್ಯಾಸದಲ್ಲಿದೆ. ಉತ್ತರ ಕೆರೋಲಿನಾದ ಬೆಟ್ಟಗಳಲ್ಲಿ ಸಂಚರಿಸುವಾಗ ಜೇಮ್ಸನಿಗೆ ಕಡಿದ ಕಾಡು, ಸುಟ್ಟ ಮೋಟುಗಳು, ಒರಟು ಗುಡಿಸಲುಗಳು ಕಂಡವು. ಅವನಿಗೆ ಅದು ಬರಿಯ ವಿಕಾರ. ಗಾಡಿ ಹೊಡೆಯುತ್ತಿದ್ದ ಬೆಟ್ಟದವನ ಮಾತು ಕೇಳಿದಾಗ ತಿಳಿದುಬಂದುದೇ ಬೇರೆ: ಅಲ್ಲಿನ ಒಕ್ಕಲಿಗೆ ಅದು ದುಡಿಮೆಯ ವಿಜಯ, ಹೆಂಡಿರು ಮಕ್ಕಳ ಆಸರೆ. ಕುರುಡನಾಗಿದ್ದವನು ನೋಡಿದವನೇ! ಅದೇ ಗ್ರಂಥದ ಮುನ್ನುಡಿಯಲ್ಲಿ, ತಮ್ಮ ಆದರ್ಶಗಳನ್ನು ಪರರ ಮೇಲೆ ಹೇರುವ ರಾಷ್ಟ್ರಗಳಿಗೂ ಈ ದೃಷ್ಟಿ ಅನ್ವಯವಾಯಿತು. ಫಿಲಿಪ್ಪೀನ್ಸಿನಲ್ಲಿ ಅಮೆರಿಕ ಹೂಡಿದ ಯುದ್ಧವನ್ನು ಜೇಮ್ಸನು ಬಹಿರಂಗವಾಗಿ ಖಂಡಿಸಿದುದು ಇದೇ ನಿಷ್ಠೆಯ ಫಲ. 1907ರ ಉಪನ್ಯಾಸಗಳಲ್ಲಿ ವಿವೇಕಾನಂದರ ಅದ್ವೈತವು ನೀಡುವ ಅಭಯವನ್ನು ಮನ್ನಿಸಿಯೂ ಅವನು ಬಹುತ್ವದ ಪಕ್ಷದಲ್ಲಿಯೇ ನಿಂತನು.

ಆದರೂ ಈ ದರ್ಶನದಲ್ಲಿ ಕೊರತೆಯಿಲ್ಲದಿಲ್ಲ. 1902ರ ಧಾರ್ಮಿಕ ಅನುಭವಗಳ ಗ್ರಂಥದಲ್ಲಿ ಜೇಮ್ಸನು ಏಕಾಂತದಲ್ಲಿರುವ ವ್ಯಕ್ತಿಯ ಅನುಭವವನ್ನೇ ಧರ್ಮವೆಂದನು. ತನ್ನ ಉಪನ್ಯಾಸಗಳ ಮಟ್ಟಿಗೆ ಮಾತ್ರವೆಂದು ಎಲ್ಲೆ ಹಾಕಿಕೊಂಡುದು ನಿಜ. ಆದರೆ ಅವನು ಸಂಗ್ರಹಿಸಿದ ಮತಾಂತರದ ಕಥೆಗಳಲ್ಲಿ ಭಕ್ತನು ಆಡುವ ಮಾತು, ಪಡುವ ಭಯ, ಕಾಣುವ ಬಿಡುಗಡೆ ಎಲ್ಲವೂ ಅವನ ಸಮುದಾಯವು ಕಲಿಸಿದವು. ಸಂಸ್ಥೆಯು ವ್ಯಕ್ತಿಯನ್ನು ತುಳಿಯುವುದನ್ನು ಜೇಮ್ಸನು ಕಂಡಷ್ಟು ಸ್ಪಷ್ಟವಾಗಿ, ಅದು ವ್ಯಕ್ತಿಯನ್ನು ರೂಪಿಸುವುದನ್ನು ಕಾಣಲಿಲ್ಲ. ಬೃಹತ್ ಉದ್ಯಮಗಳ ಯುಗದಲ್ಲಿ ಹಳೆಯ ವ್ಯಕ್ತಿವಾದವು ಸಾಲದೆಂದು ಜಾನ್ ಡ್ಯೂಯಿ 1930ರಲ್ಲಿ ವಾದಿಸಿದುದು ಈ ಕೊರತೆಯನ್ನು ಎತ್ತಿ ತೋರುತ್ತದೆ.

ಡ್ಯೂಯಿಯ ತಿದ್ದುಪಡಿ ಅವಶ್ಯಕ. ಆದರೆ ಅದರಿಂದ ಜೇಮ್ಸನ ಎಚ್ಚರಿಕೆ ಅನವಶ್ಯಕವಾಗುವುದಿಲ್ಲ. ಸಮಾಜದ ಹಿತವನ್ನು ಅಳೆಯುವವನು ಗುಡಿಸಲಿನೊಳಗಿನಿಂದಲೂ ಒಮ್ಮೆ ನೋಡಬೇಕೆಂಬ ನಿಯಮವೇ ಅವನ ವ್ಯಕ್ತಿವಾದದ ಸಾರ.